ವುಡ್ ಎನ್‌ಗ್ರೇವಿಂಗ್‌ಗೆ ‘ಮರದ ಕೆತ್ತನೆ’ ಸಾಕೇ?

ಗೆಳೆಯರೇ,

ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಮಕ್ಕಳ ಪುಸ್ತಕಗಳ ಚಿತ್ರಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಮರದಲ್ಲಿ ಚಿತ್ರ ಕೊರೆದು ಅಚ್ಚು ಹಾಕುವ ಎರಡು ಬಗೆಗಳಾದ ವುಡ್‌ಕಟ್, ವುಡ್ ಎನ್‌ಗ್ರೇವಿಂಗ್ ಅದರಲ್ಲಿ ಅಕ್ಕಪಕ್ಕ ಬರುತ್ತವೆ. ಎರಡನ್ನೂ ‘ಮರದ ಕೆತ್ತನೆ’ ಅಂದರೆ ಓದುಗರಿಗೆ ನೆನಪಾಗುವುದು ಗಂಧದ ಪೆಟ್ಟಿಗೆ, ಇಲ್ಲವೇ ತೇರಿನ ಗೊಂಬೆ. ಅಚ್ಚಿನ ಸುಳಿವೇ ಇರುವುದಿಲ್ಲ, ಅಲ್ವಾ?

ವ್ಯತ್ಯಾಸ ಇರುವುದು ಮರ ಕೊಯ್ಯುವ ಬಗೆಯಲ್ಲಿ. ವುಡ್‌ಕಟ್‌ಗೆ ನಾರಿನ ಉದ್ದಕ್ಕೆ ಕೊಯ್ದ ಹಲಗೆ ಬೇಕು, ಚಾಕುವಿನ ಕೆಲಸ. ವುಡ್ ಎನ್‌ಗ್ರೇವಿಂಗ್‌ಗೆ ಬಾಕ್ಸ್‌ವುಡ್ ಎಂಬ ಗಟ್ಟಿ ಮರದ ಕಾಂಡವನ್ನು ಅಡ್ಡಕ್ಕೆ ಕೊಯ್ದ ಬಿಲ್ಲೆ. ನಾರು ನೆಟ್ಟಗೆ ನಿಂತಿರುತ್ತದೆ. ಹಾಗಾಗಿ ಬ್ಯೂರಿನ್ ಎಂಬ ಮೊನೆಯುಳಿಯನ್ನು ಯಾವ ಕಡೆ ತಿರುಗಿಸಿದರೂ ಸಿಬಿರು ಏಳುವುದಿಲ್ಲ, ಕೂದಲೆಳೆಯಂಥ ಗೆರೆ ಬರುತ್ತದೆ. ನ್ಯೂಕಾಸಲ್‌ನ ಥಾಮಸ್ ಬ್ಯೂಯಿಕ್ 18ನೇ ಶತಮಾನದ ಕೊನೆಯಲ್ಲಿ ಈ ಕಸುಬನ್ನು ಮೇಲೆತ್ತಿದ. ಬಾಕ್ಸ್‌ವುಡ್ ದಪ್ಪ ಬೆಳೆಯುವ ಮರವಲ್ಲ. 1842ರಲ್ಲಿ ಶುರುವಾದ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್‌ನಂಥ ಪತ್ರಿಕೆಗಳ ದೊಡ್ಡ ಚಿತ್ರಗಳಿಗೆ ಹಲವು ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸುತ್ತಿದ್ದರು. ಅವಸರವಿದ್ದರೆ ಬಿಚ್ಚಿ, ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟು ಕೊರೆಸುತ್ತಿದ್ದರು.

ಲಿಥೋಗ್ರಫಿಗೆ ನಮ್ಮಲ್ಲಿ ‘ಕಲ್ಲಚ್ಚು’ ಇದೆ. 1843ರ ಮಂಗಳೂರ ಸಮಾಚಾರ ಕಲ್ಲಚ್ಚಿನಲ್ಲೇ ಬಂತು. ಅದೇ ಜಾಡಿನಲ್ಲಿ ಒಟ್ಟು ಬಗೆಗೆ ‘ಮರದಚ್ಚು’, ವುಡ್‌ಕಟ್‌ಗೆ ‘ಹಲಗೆಯಚ್ಚು’, ವುಡ್ ಎನ್‌ಗ್ರೇವಿಂಗ್‌ಗೆ ‘ಬಿಲ್ಲೆಯಚ್ಚು’ ಅನ್ನಬಹುದೇ? ‘ಅಡ್ಡಕೊಯ್ಲಚ್ಚು’ ಅರ್ಥಕ್ಕೆ ಹತ್ತಿರ, ಆದರೆ ನಾಲಿಗೆ ತೊಡರುತ್ತದೆ. ‘ಕಾಷ್ಠೋತ್ಕೀರ್ಣನ’ ದಯವಿಟ್ಟು ಬೇಡ.

ಎಲೆಕ್ಟ್ರೋಟೈಪ್‌ಗೆ ‘ಪಡಿಯಚ್ಚು’ ಅನ್ನಬಹುದೇ ಅಂತಲೂ ಕೇಳಬೇಕು. 1865ರ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಪುಸ್ತಕಕ್ಕೆ ಟೆನಿಯಲ್ ಬರೆದ 42 ಚಿತ್ರಗಳನ್ನು ಮರದಲ್ಲಿ ಕೊರೆದವರು ಡಾಲ್ಜಿಯಲ್ ಸೋದರರು. ಮರದ ಅಚ್ಚು ಸವೆಯಬಾರದೆಂದು ಅದರಿಂದ ಎಲೆಕ್ಟ್ರೋಟೈಪ್ ಎಂಬ ಲೋಹದ ನಕಲಚ್ಚು ತೆಗೆದು, ಆ ನಕಲಿನಿಂದ ಮುದ್ರಿಸಿದರು. ‘ಮಗ ಅಪ್ಪನ ಪಡಿಯಚ್ಚು’ ಎನ್ನುತ್ತೇವಲ್ಲ, ಆ ಪದ ಇಲ್ಲಿ ನೇರ ಅರ್ಥದಲ್ಲೇ ಸಲ್ಲುತ್ತದೆ ಅನಿಸುತ್ತದೆ.

ನನಗೆ ಜಾಸ್ತಿ ಕಷ್ಟವಾಗಿರುವುದು ಬಣ್ಣದ ಭಾಗ. ವಾಲ್ಟರ್ ಕ್ರೇನ್, ಕಾಲ್ಡೆಕಾಟ್, ಕೇಟ್ ಗ್ರೀನವೇ ಎಂಬ ಕಲಾವಿದರ ಪುಸ್ತಕಗಳನ್ನು ಅಚ್ಚು ಹಾಕಿದ ಎಡ್ಮಂಡ್ ಇವಾನ್ಸ್ ಮೊದಲು ಚಿತ್ರದ ಗೆರೆಗಳಷ್ಟೇ ಇರುವ ಮುಖ್ಯ ಅಚ್ಚು, ಅಂದರೆ ಕೀ ಬ್ಲಾಕ್, ಮಾಡಿಸುತ್ತಿದ್ದ. ಅದರ ಪ್ರೂಫಿಗೆ ಕಲಾವಿದರು ಬಣ್ಣ ಹಚ್ಚಿ ಕೊಡುತ್ತಿದ್ದರು. ಆಮೇಲೆ ಪ್ರತಿ ಬಣ್ಣಕ್ಕೂ ಬೇರೆ ಅಚ್ಚು. ನೀಲಿಯ ಸಣ್ಣ ಗೆರೆಗಳ ಮೇಲೆ ಹಳದಿ ಬಿದ್ದರೆ ಹಸಿರು. 1879ರಲ್ಲಿ ಗ್ರೀನವೇಯ ಮೊದಲ ಪುಸ್ತಕವನ್ನು ಧೈರ್ಯ ಮಾಡಿ 20,000 ಪ್ರತಿ ಹಾಕಿದ, ಬೇಗನೆ ಖರ್ಚಾದವು.

ಈ ಕೀ ಬ್ಲಾಕ್‌ಗೆ, ತಾಯಿಬೇರಿನ ಹಾಗೆ ‘ತಾಯಚ್ಚು’ ಅಂತ ಬರೆದಿದ್ದೇನೆ. ಆದರೆ ಅಕ್ಷರದ ಮೊಳೆ ಎರಕ ಹೊಯ್ಯುವ ಅಚ್ಚು ಅಂತ ಯಾರಾದರೂ ತಿಳಿದಾರೇ? ಒಂದು ಬಣ್ಣ ಇನ್ನೊಂದರ ಮೇಲೆ ಸರಿಯಾಗಿ ಕೂರುವುದಕ್ಕೆ ‘ರಿಜಿಸ್ಟರ್’ ಬಿಟ್ಟು ಬೇರೆ ಮಾತು ಹಳೆಯ ಪ್ರೆಸ್ಸುಗಳಲ್ಲಿತ್ತೇ? ಅಲ್ಲಿ ದುಡಿದವರು ಯಾರಾದರೂ ಇದ್ದರೆ ತಿಳಿಸಿ.