ಬ್ರಹ್ಮಕಮಲ ನಾಲ್ಕು ವರ್ಷವಾದರೂ ಮೊಗ್ಗು ಬಿಟ್ಟಿಲ್ಲ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ನಾವು ಮೈಸೂರಿನವರು. ನಾಲ್ಕು ವರ್ಷದ ಹಿಂದೆ ಪಕ್ಕದ ಮನೆ ಆಂಟಿ ಬ್ರಹ್ಮಕಮಲದ ಒಂದು ಎಲೆ ಕೊಟ್ಟಿದ್ದರು, ಈಗ ಅದು ನನ್ನೆತ್ತರ ಬೆಳೆದಿದೆ. ಒಂದು ಮೊಗ್ಗೂ ಇಲ್ಲ. ಅವರ ಗಿಡದಲ್ಲಿ ಹೋದ ಆಷಾಢದಲ್ಲಿ ಒಂದೇ ರಾತ್ರಿ 11 ಹೂ! ನಮ್ಮ ಕುಂಡ ಮೆಟ್ಟಿಲ ಕೆಳಗಿದೆ. ಹದಿನೈದು ದಿನಕ್ಕೊಮ್ಮೆ ಕಡಲೆಕಾಯಿ ಹಿಂಡಿ ನೆನೆಸಿದ ನೀರು ಹಾಕುತ್ತೇನೆ.

ಉತ್ತರ: ಮೇಡಂ, ಆ ನೆರಳು ಮತ್ತು ಆ ಹಿಂಡಿ, ಎರಡೂ ಜಾಸ್ತಿಯಾಗಿವೆ. ಹಿಂಡಿಯಲ್ಲಿ ಸಾರಜನಕ ತುಂಬಾ ಇರುತ್ತದೆ, ಅದು ಸಿಗುತ್ತಲೇ ಇದ್ದರೆ ಗಿಡ ಸುಮ್ನೆ ಹಸಿರಾಗಿ ಬೆಳೆಯುತ್ತಾ ಹೋಗುತ್ತದೆ, ಮೊಗ್ಗು ಬಿಡುವುದಿಲ್ಲ. ಇದು ಕಳ್ಳಿ ಜಾತಿ ಅಂದರೆ ತುಂಬಾ ಜನ ನಂಬುವುದಿಲ್ಲ, ಮುಳ್ಳಿಲ್ಲ ಅಲ್ವಾ. ನಾವು ಎಲೆ ಅನ್ನುವುದು ನಿಜಕ್ಕೂ ಚಪ್ಪಟೆ ಕಾಂಡ. ಅದಕ್ಕೇ ಅದರ ಅಂಚಿನ ಕಚ್ಚುಗಳಿಂದ ಮೊಗ್ಗು ಬರುವುದು. ಆದರೆ ಮರಳುಗಾಡಿನ ಕಳ್ಳಿಯಲ್ಲ, ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ, ನಮ್ಮ ಮಲೆನಾಡಿನ ಸೀತಾಳೆ ದಂಡೆಯ ಹಾಗೆ, ಮರದ ಕೊಂಬೆ ಮೇಲೆ ಬೆಳೆಯುವಂಥದ್ದು. ಎಲೆಗಳ ಸಂದಿಯಿಂದ ಬೀಳುವ ಬೆಳಕು ಅದಕ್ಕೆ ಇಷ್ಟ.

ಕುಂಡವನ್ನು ಬೆಳಗಿನ ಎಳೆ ಬಿಸಿಲು ಎರಡು ಮೂರು ಗಂಟೆ ಬೀಳುವ ಕಡೆಗೆ ಇಡಿ. ಒಂದೇ ಸಲ ಬಿಸಿಲಿಗೆ ಒಡ್ಡಬೇಡಿ, ಕಾಂಡ ಸುಟ್ಟು ಹಳದಿಯಾಗುತ್ತದೆ, ವಾರದಲ್ಲಿ ಸ್ವಲ್ಪ ಸ್ವಲ್ಪ ಸರಿಸಿ. ಹಿಂಡಿ ನಿಲ್ಲಿಸಿ, ಬೇಸಿಗೆ ಶುರುವಿನಲ್ಲಿ ಪೊಟ್ಯಾಷ್, ರಂಜಕ ಇರುವ ಗೊಬ್ಬರ ಸ್ವಲ್ಪವೇ ಕೊಡಿ. ದೊಡ್ಡ ಕುಂಡಕ್ಕೆ ಬದಲಾಯಿಸುವ ಅವಸರ ಬೇಡ, ಬೇರು ಬಿಗಿಯಾಗಿದ್ದರೆ ಹೂವಿಗೆ ಒಳ್ಳೆಯದೇ.

ಪ್ರಶ್ನೆ: ಸರ್, ನಮ್ಮದರಲ್ಲಿ 7 ಮೊಗ್ಗು ಬಂದಿತ್ತು. ಬೆರಳುದ್ದ ಆದ ಮೇಲೆ ಐದು ಉದುರಿದವು. ಮನೆಯವರೆಲ್ಲ ನೋಡಲಿ ಅಂತ ಹಾಲ್‌ಗೆ ತಂದಿಟ್ಟಿದ್ದೆ.

ಉತ್ತರ: ಅಯ್ಯೋ, ಅದೇ ಕಾರಣ ಇರಬಹುದು. ಮೊಗ್ಗು ಬಂದ ಮೇಲೆ ಕುಂಡವನ್ನು ಅಲ್ಲಾಡಿಸಬೇಡಿ, ತಿರುಗಿಸಲೂ ಬೇಡಿ. ಜಾಗ ಬದಲಾದರೆ ಅದು ಮೊಗ್ಗು ಉದುರಿಸಿಬಿಡುತ್ತದೆ. ಮಣ್ಣು ಪೂರ್ತಿ ಒಣಗಿದರೂ, ನೀರು ನಿಂತರೂ ಅದೇ ಗತಿ. ಬೆರಳಿಟ್ಟು ನೋಡಿ, ಮೇಲಿನ ಒಂದಿಂಚು ಒಣಗಿದಾಗ ನೀರು ಹಾಕಿ.

ಪ್ರಶ್ನೆ: ಇದು ಹಿಮಾಲಯದ ಬ್ರಹ್ಮಕಮಲ ಅಲ್ಲವಂತೆ, ನಿಜವಾ? ನಮ್ಮ ಅಜ್ಜಿ ಹೂ ಅರಳಿದ ರಾತ್ರಿ ಆರತಿ ಎತ್ತುತ್ತಾರೆ.

ಉತ್ತರ: ನಿಜ. ಅದು ಉತ್ತರಾಖಂಡದ ರಾಜ್ಯ ಹೂ, ಸೂರ್ಯಕಾಂತಿಯ ಕುಟುಂಬದ್ದು. ನಮ್ಮ ಮನೆಗಳಲ್ಲಿರುವುದು ಬೇರೆಯೇ ಗಿಡ. ಅಜ್ಜಿ ಆರತಿ ಎತ್ತಲಿ, ಬೀದಿಯವರೆಲ್ಲ ಬಂದು ಕೈ ಮುಗಿಯುವ ಹೂ ಬೇರೆ ಯಾವುದಿದೆ ಹೇಳಿ.

ಯಾವ ರಾತ್ರಿ ಅರಳುತ್ತದೆ ಅಂತ ಗೊತ್ತಾಗಲು ಮೊಗ್ಗಿನ ಕತ್ತು ನೋಡಿ. ಕೆಳಗೆ ಬಾಗಿದ್ದದ್ದು ಕೊಕ್ಕೆಯ ಹಾಗೆ ಮೇಲೆದ್ದು, ತುದಿ ಉಬ್ಬಿ ಬೆಳ್ಳಗಾದರೆ ಇವತ್ತೋ ನಾಳೆಯೋ. ರಾತ್ರಿ 8 ಗಂಟೆಯಿಂದಲೇ ಪಕ್ಕದಲ್ಲಿ ಕುರ್ಚಿ ಹಾಕಿಕೊಳ್ಳಿ, ಬೆಳಗಾಗುವಷ್ಟರಲ್ಲಿ ಬಾಡಿ ಜೋತುಬಿದ್ದಿರುತ್ತದೆ.