ಕೈಗಾ ಪಕ್ಕದಲ್ಲೇ ಇದ್ದೇವೆ, ಮಳೆಗಾಲ ಪೂರ್ತಿ ಕರೆಂಟ್ ಇಲ್ಲ. ಇನ್ನೆರಡು ರಿಯಾಕ್ಟರ್ ಯಾರಿಗೆ?

ತೋಟದಮನೆ:

ನಮ್ಮದು ಯಲ್ಲಾಪುರ ತಾಲೂಕಿನಲ್ಲಿ ಘಟ್ಟದ ಅಂಚಿನ ಊರು. ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ಅಂತ ಕಾಳಿ ನದಿಯ ಉದ್ದಕ್ಕೂ ಕರೆಂಟ್ ಮಾಡುವ ಜಾಗಗಳೇ ಇವೆ. ಸಾಲದ್ದಕ್ಕೆ ಕೈಗಾ ಅಣು ವಿದ್ಯುತ್ ಸ್ಥಾವರ. ಆದರೆ ಜೂನ್ ಬಂತು ಅಂದರೆ ನಮ್ಮ ಮನೆಯಲ್ಲಿ ಕರೆಂಟ್ ಇರೋದೇ ಅಪರೂಪ. ಈ ಸಲ ಒಮ್ಮೆ ಹೋದದ್ದು ವಾರ ಕಳೆದರೂ ಬರಲಿಲ್ಲ. ಫೋನ್ ಚಾರ್ಜ್ ಮಾಡೋಕೆ ಪೇಟೆಗೆ ಹೋಗಬೇಕು, ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯೋಣ ಅಂದರೆ ಮೋಟರ್ ತಿರುಗಲ್ಲ.

ಈಗ ಕೈಗಾದಲ್ಲಿ 5 ಮತ್ತು 6ನೇ ಘಟಕ ಬೇರೆ, ಒಂದೊಂದೂ 700 ಮೆಗಾವ್ಯಾಟ್. ನಾನು ಅಣು ವಿದ್ಯುತ್ತಿನ ವಿರೋಧಿಯೂ ಅಲ್ಲ, ಪರವೂ ಅಲ್ಲ. ಆದರೆ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಈ ಕರೆಂಟ್ ಎಲ್ಲಾ ಎಲ್ಲಿಗೆ ಹೋಗುತ್ತೆ? ಸೋಲಾರ್ ಇಷ್ಟು ಅಗ್ಗ ಆಗಿರುವಾಗ ಇದು ಬೇಕಾ? 2021ರಲ್ಲಿ ಕಳಚೆಯಲ್ಲಿ ಗುಡ್ಡ ಹೇಗೆ ಜಾರಿತು ಅಂತ ಕಣ್ಣಾರೆ ನೋಡಿದವರು ನಾವು. ಅದೇ ಘಟ್ಟದ ಬುಡದಲ್ಲಿ ಇದನ್ನು ಇಟ್ಟುಕೊಂಡು ಧೈರ್ಯವಾಗಿ ಮಲಗಬಹುದಾ?

ಸಬ್‌ಸ್ಟೇಷನ್:

ಮೊದಲ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತೇನೆ, ಯಾಕಂದ್ರೆ ನಾನು ಬದುಕಿದ್ದೇ ಅದರಲ್ಲಿ.

ನಿಮ್ಮ ಮನೆಯ ಕರೆಂಟ್ ಹೋಗೋದಕ್ಕೂ ಕೈಗಾಕ್ಕೂ ಸಂಬಂಧ ಇಲ್ಲ ಮಾರಾಯ್ರೆ. ಕೈಗಾದ ಕರೆಂಟ್ ಹೊರಗೆ ಬರುವುದು 400 ಕೆವಿಯ, ಅಂದ್ರೆ ನಾಲ್ಕು ಲಕ್ಷ ವೋಲ್ಟಿನ ದೊಡ್ಡ ಟವರ್ ಲೈನ್‌ನಲ್ಲಿ. ಧಾರವಾಡದ ಹತ್ತಿರದ ನರೇಂದ್ರಕ್ಕೆ ಹೋಗುತ್ತೆ, ಹರಿಹರದ ಹತ್ತಿರದ ಗುತ್ತೂರಿಗೆ ಹೋಗುತ್ತೆ. ಅಲ್ಲಿಂದ ಗ್ರಿಡ್ ಸೇರಿದ ಮೇಲೆ ಅದು ಕೈಗಾದ್ದು, ಇದು ಶರಾವತಿದು ಅಂತ ಬೇರೆ ಮಾಡೋಕೆ ಆಗಲ್ಲ. ಕೇಂದ್ರದ ಹಂಚಿಕೆಯ ಪ್ರಕಾರ ದಕ್ಷಿಣದ ಎಲ್ಲ ರಾಜ್ಯಗಳಿಗೂ ಪಾಲಿದೆ, ನಮ್ಮ ರಾಜ್ಯಕ್ಕೂ ಇದೆ. ಆದರೆ ಟವರ್ ಕೆಳಗೆ ಮನೆ ಇದೆ ಅಂತ ಅಲ್ಲಿಂದ ಒಂದು ವೈರ್ ಇಳಿಸೋಕೆ ಆಗಲ್ಲ ಅಲ್ವಾ. 400 ಕೆವಿಯನ್ನು 220, 110, 33, 11 ಅಂತ ಇಳಿಸಿಕೊಂಡು ಬಂದು ಕೊನೆಗೆ ನಿಮ್ಮೂರಿನ ಟಿಸಿಗೆ, ಅಂದ್ರೆ ಟ್ರಾನ್ಸ್‌ಫಾರ್ಮರ್‌ಗೆ ತರಬೇಕು.

ನಿಮ್ಮ ಸಮಸ್ಯೆ ಇರೋದು ಆ ಕೊನೆಯ 11 ಕೆವಿ ಲೈನ್‌ನಲ್ಲಿ. ಕಾಡಿನ ಮಧ್ಯೆ ಕಿಲೋಮೀಟರ್‌ಗಟ್ಟಲೆ ಬರಿ ತಂತಿ, ನಾಲ್ಕು ಮನೆಗೆ. ಮರ ಬಿದ್ದು ಕಂಬ ಮುರಿದರೆ ಎಲ್ಲರಿಗೂ ಕಾಣುತ್ತೆ, ಅದು ಸುಲಭ. ಕಷ್ಟ ಅಂದ್ರೆ ಇನ್ಸುಲೇಟರ್, ತಂತಿ ಕಂಬಕ್ಕೆ ತಾಗದಂತೆ ಹಿಡಿದಿರುವ ಪಿಂಗಾಣಿ, ಪಂಕ್ಚರ್ ಆಗೋದು. ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕು. ಬಿಸಿಲಲ್ಲಿ ಏನೂ ಆಗಲ್ಲ. ಮಳೆ ನೀರು ಒಳಗೆ ಇಳಿದ ತಕ್ಷಣ ಅರ್ಥ್ ಆಗಿ ಫೀಡರ್ ಟ್ರಿಪ್, ಅಂದ್ರೆ ಆ ಲೈನ್ ಪೂರ್ತಿ ಬಂದ್. ಲೈನ್‌ಮನ್ ಕತ್ತಿ, ಟಾರ್ಚ್ ಹಿಡಿದುಕೊಂಡು, ಉಂಬಳ ಕಚ್ಚಿಸಿಕೊಳ್ಳುತ್ತಾ, ಒಂದೊಂದೇ ಕಂಬ ನೋಡಿಕೊಂಡು ಹೋಗಬೇಕು. ಒಂದು ಸೆಕ್ಷನ್‌ಗೆ ಎಷ್ಟು ಜನ ಲೈನ್‌ಮನ್ ಇರುತ್ತಾರೆ ಅಂತ ನಿಮಗೆ ಗೊತ್ತೇ ಇದೆ. ಕೈಗಾದಲ್ಲಿ ಇನ್ನೂ ಹತ್ತು ರಿಯಾಕ್ಟರ್ ಕಟ್ಟಲಿ, ಇಲ್ಲವೇ ಇರುವುದನ್ನೆಲ್ಲ ಮುಚ್ಚಲಿ, ಆ ಪಿಂಗಾಣಿ ಬಿರುಕು ಹಾಗೇ ಇರುತ್ತೆ.

ಕದ್ರಾದಂಡೆ:

ಸಬ್‌ಸ್ಟೇಷನ್ ಅಣ್ಣ ಹೇಳಿದ್ದು ಟೆಕ್ನಿಕಲ್ ಆಗಿ ಸರಿ. ಆದರೆ ಅಷ್ಟಕ್ಕೇ ಬಿಟ್ಟರೆ ಆಗಲ್ಲ. ಭೂಮಿ ಕೊಟ್ಟವರು, ಕಾಡು ಕಳೆದುಕೊಂಡವರು, ಅಣೆಕಟ್ಟಿನ ನೀರಲ್ಲಿ ಊರು ಮುಳುಗಿಸಿಕೊಂಡವರು ಇದೇ ಕಣಿವೆಯವರು. ಟವರ್ ಲೈನ್‌ಗೆ ದುಡ್ಡು ಇದೆ, 11 ಕೆವಿಗೆ ಇಲ್ಲ ಅಂದರೆ ಅದು ಪಿಂಗಾಣಿಯ ತಪ್ಪಾ?

ಕೈಗಾ ಬೇಡ ಅಂತ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತರು. ವಯಸ್ಸು 87. ಗೆಲ್ಲಲಿಲ್ಲ, ಸ್ಥಾವರವೂ ನಿಲ್ಲಲಿಲ್ಲ. ಆದರೆ ಅವರು ಸುಮ್ನೆ ಹೆದರಿಸಿದರು ಅಂತ ನಗಾಡಿದವರು 1994ರ ಮೇ 13 ನೆನಪಿಟ್ಟುಕೊಳ್ಳಬೇಕು. ಅವತ್ತು ಕಟ್ಟುತ್ತಿದ್ದ ಮೊದಲ ಘಟಕದ ಒಳಗಿನ ಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ಅಪಘಾತ ಆದರೆ ವಿಕಿರಣ ಹೊರಗೆ ಬರದಂತೆ ತಡೆಯೋಕೆ ಅಂತಲೇ ಕಟ್ಟುವ ಗುಮ್ಮಟ ಅದು! ಇಂಧನ ತುಂಬಿರಲಿಲ್ಲ, ಬಚಾವ್. ವಿನ್ಯಾಸ ಬದಲಾಯಿಸಿ ಮತ್ತೆ ಕಟ್ಟಿದರು.

2009ರ ನವೆಂಬರ್‌ನಲ್ಲಿ ಇನ್ನೊಂದು. ಯಾರೋ ಒಳಗಿನವರೇ ವಿಕಿರಣ ಸೂಸುವ ಟ್ರಿಟಿಯಂ ಇರುವ ಭಾರಜಲವನ್ನು (ರಿಯಾಕ್ಟರ್‌ನಲ್ಲಿ ಬಳಸುವ ವಿಶೇಷ ನೀರು) ಕುಡಿಯುವ ನೀರಿನ ಕೂಲರ್‌ಗೆ ಹಾಕಿದರು. 50ಕ್ಕೂ ಹೆಚ್ಚು ಕೆಲಸಗಾರರ ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿತ್ತು. ಯಂತ್ರ ಎಷ್ಟು ಗಟ್ಟಿ ಇದ್ದರೂ ಕೂಲರ್ ಮುಚ್ಚಳ ತೆಗೆಯೋದು ಮನುಷ್ಯನೇ ನೋಡಿ.

ಗುಡ್ಡದ ವಿಷಯಕ್ಕೆ ಬಂದರೆ, ನನಗೆ ರಿಯಾಕ್ಟರ್‌ಗಿಂತ ಅಣೆಕಟ್ಟಿನ ಭಯವೇ ಜಾಸ್ತಿ. ಕೈಗಾಕ್ಕೆ ಮೇಲೆ ಕೊಡಸಳ್ಳಿ, ಅದರ ಮೇಲೆ 101 ಮೀಟರ್ ಎತ್ತರದ ಸೂಪಾ. ಸ್ಥಾವರ ತಣ್ಣಗಿಡುವ ನೀರು ಬರೋದು ಕದ್ರಾ ಜಲಾಶಯದಿಂದ. 2019ರಲ್ಲಿ ಕದ್ರಾದ ಗೇಟ್ ತೆಗೆದಾಗ ಕೆಳಗಿನ ಊರುಗಳ ಪಾಡು ಏನಾಯ್ತು ಅಂತ ಈ ಕಡೆಯವರನ್ನು ಕೇಳಿ. ಇದನ್ನೆಲ್ಲ ಲೆಕ್ಕ ಹಾಕಿಯೇ ಕಟ್ಟಿದ್ದೇವೆ ಅನ್ನುತ್ತಾರೆ. ಹಾಕಿರಬಹುದು. ಹಾಗಾದರೆ ಆ ಲೆಕ್ಕವನ್ನು ಕನ್ನಡದಲ್ಲಿ ಬರೆದು ಪಂಚಾಯ್ತಿ ಬೋರ್ಡಿಗೆ ಹಚ್ಚಲಿ.

ಬಿಸಿಲೂರು:

ನಾನು ರಾಯಚೂರಿನವನು. ನೀವು ಕೈಗಾಕ್ಕೆ ಹೆದರುತ್ತೀರಿ, ನಾವು ಶಕ್ತಿನಗರದ ಬೂದಿಯಲ್ಲಿ ಬೆಳೆದವರು. 1985ರಿಂದ ಇಲ್ಲಿನ ಕಲ್ಲಿದ್ದಲು ಸ್ಥಾವರ ಆರ್‌ಟಿಪಿಎಸ್ ರಾಜ್ಯಕ್ಕೆ ಕರೆಂಟ್ ಕೊಡುತ್ತಾ ಇದೆ, ನಮಗೆ ಹಾರುಬೂದಿ ಕೊಡುತ್ತಾ ಇದೆ. ಅದರ ಪಕ್ಕದ ಊರಲ್ಲಿ ಒಣಹಾಕಿದ ಬಟ್ಟೆ ಸಂಜೆ ಒಂದು ಸಲ ಝಾಡಿಸಿ ನೋಡಿ. ಅಪಘಾತ ಆದರೆ ಮಾತ್ರ ಅಪಾಯ ಅನ್ನುವ ಸ್ಥಾವರ ನಿಮ್ಮದು. ನಮ್ಮದು ಎಲ್ಲ ಸರಿಯಾಗಿ ನಡೆದರೂ ಹೊಗೆ ಬಿಡುತ್ತೆ. ಇದರ ಬಗ್ಗೆ ಯಾರೂ ಚುನಾವಣೆಗೆ ನಿಲ್ಲಲಿಲ್ಲ.

ಇಂಧನದ ಲೆಕ್ಕ ಕೇಳಿ, ಆಮೇಲೆ ಮಾತಾಡೋಣ. ಕೈಗಾದಲ್ಲಿ ಈಗ ಇರುವ ನಾಲ್ಕೂ ಘಟಕ 220 ಮೆಗಾವ್ಯಾಟ್‌ನವು, ಭಾರಜಲ ಬಳಸುವಂಥವು. ನೈಸರ್ಗಿಕ ಯುರೇನಿಯಂ ಸಾಕು, ಅದರಲ್ಲಿ ಉರಿಯುವ ಅಂಶವನ್ನು ಹೆಚ್ಚಿಸುವ, ಅಂದ್ರೆ ಸಮೃದ್ಧಗೊಳಿಸುವ ತಾಪತ್ರಯ ಇಲ್ಲ. ಇಂಧನದ ಒಂದು ಕಟ್ಟು ಅಂದ್ರೆ 19 ಕೊಳವೆಗಳ ಕಂತೆ. ಅರ್ಧ ಮೀಟರ್ ಉದ್ದ, ಸುಮಾರು 16 ಕೆಜಿ. ಒಬ್ಬ ಮನುಷ್ಯ ಎತ್ತಿಕೊಂಡು ಹೋಗಬಹುದು, ಹೊಸದಾಗಿದ್ದಾಗ ಮಾತ್ರ. ರಿಯಾಕ್ಟರ್ ಒಳಗೆ 306 ಕೊಳವೆ ದಾರಿ, ಒಂದೊಂದರಲ್ಲಿ 12 ಕಟ್ಟು. ಅಂಥ ಒಂದೇ ಕಟ್ಟಿನಿಂದ ಅಂದಾಜು ಆರು ಲಕ್ಷ ಯೂನಿಟ್ ಕರೆಂಟ್ ಬರುತ್ತೆ. ಅಷ್ಟೇ ಕರೆಂಟ್ ನಮ್ಮಲ್ಲಿ ಮಾಡೋಕೆ 400 ಟನ್ ಕಲ್ಲಿದ್ದಲು ಸುಡಬೇಕು. ಗೂಡ್ಸ್ ರೈಲಿನ ಆರೇಳು ಡಬ್ಬಿ! ಅದರ ಬೂದಿ ಮೂರನೇ ಒಂದು ಭಾಗ ಉಳಿಯುತ್ತೆ, ನಮ್ಮ ದೇಶದ ಕಲ್ಲಿದ್ದಲು ಹಾಗೇ ಇರೋದು.

ಇನ್ನೊಂದು ಹೆಚ್ಚುಗಾರಿಕೆ ಅಂದ್ರೆ ರಿಯಾಕ್ಟರ್ ನಿಲ್ಲಿಸದೆ ಹಳೇ ಕಟ್ಟು ತೆಗೆದು ಹೊಸದು ಹಾಕಬಹುದು, ಓಡುತ್ತಿರುವ ಬಸ್ಸಿಗೆ ಡೀಸೆಲ್ ತುಂಬಿದ ಹಾಗೆ. ಅದಕ್ಕೇ ಕೈಗಾದ ಮೊದಲ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರ ತನಕ ಒಂದೇ ಸಮ 962 ದಿನ ಓಡಿ ಜಗತ್ತಿನ ದಾಖಲೆ ಮಾಡಿತು. ಆಮೇಲೆ ಅದನ್ನು ಮುರಿದದ್ದು ಕೆನಡಾದ ಡಾರ್ಲಿಂಗ್ಟನ್, ಅದೂ ಇದೇ ಜಾತಿಯ ರಿಯಾಕ್ಟರ್. ಗುಮ್ಮಟ ಬಿದ್ದದ್ದನ್ನು ಹೇಳುವವರು ಇದನ್ನೂ ಹೇಳಬೇಕಲ್ವಾ ಸರ್. ಅದೇ ಘಟಕ ಇದು.

ಕದ್ರಾದಂಡೆ:

ಹೇಳೋಣ ಸರ್, ಹೊಗಳೋಣ. ಆದರೆ ಬೂದಿ ಕಣ್ಣಿಗೆ ಕಾಣುತ್ತೆ, ಬಳಸಿದ ಆ 16 ಕೆಜಿ ಕಟ್ಟು ಎಲ್ಲಿಡುತ್ತಾರೆ? ಮೊದಲು ನೀರಿನ ಕೊಳದಲ್ಲಿ ವರ್ಷಗಟ್ಟಲೆ ತಣಿಸಬೇಕು. ಆಮೇಲೆ ಮರುಸಂಸ್ಕರಣೆ, ಅಂದ್ರೆ ಮತ್ತೆ ಬಳಸಬಹುದಾದ್ದನ್ನು ಬೇರೆ ಮಾಡೋದು, ಅದರಿಂದ ಉಳಿದದ್ದನ್ನು ಗಾಜಿನ ಜೊತೆ ಕರಗಿಸಿ ಗಟ್ಟಿ ಮಾಡುತ್ತಾರೆ. ಅಲ್ಲಿವರೆಗೆ ಸರಿ. ಶಾಶ್ವತ ಜಾಗ ಇನ್ನೂ ಇಲ್ಲ. 2012ರಲ್ಲಿ ತಮಿಳುನಾಡಿನ ಕೂಡಂಕುಳಂ ಅಣು ಸ್ಥಾವರದ ಕೇಸಿನಲ್ಲಿ ಸರ್ಕಾರದ ಕಡೆಯವರು ಕೋಲಾರದ ಹಳೇ ಚಿನ್ನದ ಗಣಿಯಲ್ಲಿ ಇಡುತ್ತೇವೆ ಅಂತ ಸುಪ್ರೀಂ ಕೋರ್ಟಿನಲ್ಲಿ ಬಾಯಿ ಬಿಟ್ಟರು. ಕೆಜಿಎಫ್ ಜನ ಬೀದಿಗೆ ಇಳಿದ ಮೇಲೆ ಇಲ್ಲ ಇಲ್ಲ ಅಂದರು. ಮತ್ತೆ ಯುರೇನಿಯಂ ಬೇಕು ಅಂತ ನಿಮ್ಮ ಪಕ್ಕದ ಯಾದಗಿರಿಯ ಗೋಗಿಯಲ್ಲಿ ಅಗೆದು ನೋಡಿದ್ದಾರೆ, ಅಲ್ಲಿಯವರು ಏನು ಹೇಳುತ್ತಾರೆ ಅಂತ ನಿಮಗೇ ಗೊತ್ತು.

ಬಿಸಿಲೂರು:

ಗೋಗಿ ಗೊತ್ತು. ಅಲ್ಲಿಯವರು ಹೆದರೋದು ಅಂತರ್ಜಲಕ್ಕೆ, ಅದು ನ್ಯಾಯವೇ. ಆದರೆ ಕಲ್ಲಿದ್ದಲು ಗಣಿ ಊರಿನವರನ್ನೂ ಒಮ್ಮೆ ಕೇಳಿ ಬನ್ನಿ.

ಬಡ್ಡಿಲೆಕ್ಕ:

ಇಬ್ಬರೂ ಮುಖ್ಯವಾದ್ದನ್ನು ಬಿಟ್ಟಿರಿ. ದುಡ್ಡು ಮತ್ತು ಸಮಯ.

2017ರಲ್ಲಿ ಕೇಂದ್ರ ಸಂಪುಟ 700 ಮೆಗಾವ್ಯಾಟ್‌ನ ಹತ್ತು ರಿಯಾಕ್ಟರ್‌ಗೆ ಒಟ್ಟಿಗೆ ಒಪ್ಪಿಗೆ ಕೊಟ್ಟಿತು, ಕೈಗಾ 5 ಮತ್ತು 6 ಅದರಲ್ಲೇ ಬರುತ್ತೆ. ಅಂದಾಜು 1,05,000 ಕೋಟಿ. ಅಂದರೆ ಮೆಗಾವ್ಯಾಟ್‌ಗೆ 15 ಕೋಟಿ, ಕೈಗಾದ ಎರಡಕ್ಕೆ 21,000 ಕೋಟಿ. ಸೋಲಾರ್ ಮೆಗಾವ್ಯಾಟ್‌ಗೆ ನಾಲ್ಕೈದು ಕೋಟಿಗೆ ಮುಗಿಯುತ್ತೆ. ಇಷ್ಟು ನೋಡಿ ಸೋಲಾರ್ ಗೆದ್ದಿತು ಅನ್ನಬೇಡಿ. ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಇದೆ, ಕೈಗಾ ಬರೀ 880. ಆದರೆ ರಾತ್ರಿ, ಮೋಡ, ಬೆಳಗು, ಸಂಜೆ ಎಲ್ಲ ಕಳೆದರೆ ಸೋಲಾರ್ ವರ್ಷಕ್ಕೆ ಕೊಡೋದು ತನ್ನ ಸಾಮರ್ಥ್ಯದ ಕಾಲು ಭಾಗದಷ್ಟು. ಕೈಗಾ ಶೇ 80ಕ್ಕಿಂತ ಮೇಲೆ ಓಡಿದರೆ ವರ್ಷದ ಕೊನೆಗೆ ಯೂನಿಟ್ ಲೆಕ್ಕದಲ್ಲಿ ಪಾವಗಡಕ್ಕಿಂತ ಮುಂದೆ. 220 ಮೆಗಾವ್ಯಾಟ್‌ನ ಒಂದೇ ಘಟಕ ಪೂರ್ತಿ ಓಡಿದರೆ ದಿನಕ್ಕೆ 52,80,000 ಯೂನಿಟ್, ರಾತ್ರಿ ಎರಡು ಗಂಟೆಗೂ ಅಷ್ಟೇ, ಮಧ್ಯಾಹ್ನವೂ ಅಷ್ಟೇ.

ಅಣು ಸ್ಥಾವರದ ನಿಜವಾದ ಕಾಯಿಲೆ ತಡ. 700 ಮೆಗಾವ್ಯಾಟ್ ಜಾತಿಯ ಮೊದಲನೆಯದು ಗುಜರಾತಿನ ಕಾಕ್ರಾಪಾರ್ 3. ಕಾಂಕ್ರೀಟ್ ಹಾಕಿದ್ದು 2010ರ ನವೆಂಬರ್, ವಾಣಿಜ್ಯ ಉತ್ಪಾದನೆ ಶುರು ಮಾಡಿದ್ದು 2023ರ ಜೂನ್ 30. ಹನ್ನೆರಡೂವರೆ ವರ್ಷ ಬಡ್ಡಿ ಕಟ್ಟಿ ನೋಡಿ! ಯುರೇನಿಯಂ ಬೆಲೆ ಇಲ್ಲಿ ದೊಡ್ಡ ವಿಷಯವೇ ಅಲ್ಲ, ಬಡ್ಡಿಯೇ ಮುಳುಗಿಸೋದು. ಸೋಲಾರ್ ಎರಡು ವರ್ಷದಲ್ಲಿ ಎದ್ದು ನಿಲ್ಲುತ್ತೆ.

ಮತ್ತೆ ನಮ್ಮ ರಾಜ್ಯದಲ್ಲಿ ಹಗಲು ಹೊತ್ತಿನ ಚಿಂತೆ ಈಗ ಕಮ್ಮಿ, ಪಂಪ್‌ಸೆಟ್‌ಗಳನ್ನು ಆದಷ್ಟು ಹಗಲಿಗೇ ತಂದಿದ್ದಾರೆ. ಕಷ್ಟ ಇರೋದು ಸಂಜೆ ಸೂರ್ಯ ಇಳಿದ ಮೇಲೆ. ಅದಕ್ಕೆ ಒಂದೋ ಬ್ಯಾಟರಿ ಬೇಕು, ಇಲ್ಲ ಶರಾವತಿಯಲ್ಲಿ ಯೋಚಿಸಿರುವ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ (ಕರೆಂಟ್ ಹೆಚ್ಚಿದ್ದಾಗ ನೀರನ್ನು ಮೇಲೆತ್ತಿಟ್ಟು, ಬೇಕಾದಾಗ ಇಳಿಸಿ ಕರೆಂಟ್ ಮಾಡೋದು) ಬೇಕು. ಅದಕ್ಕೂ ಕಾಡು ಹೋಗುತ್ತೆ, ಅದಕ್ಕೂ ವಿರೋಧ ಇದೆ. ಅಣೆಕಟ್ಟನ್ನೇ ನಂಬಿಕೊಂಡರೆ 2023ರ ಬರದಲ್ಲಿ ಏನಾಯ್ತು ಅಂತ ನೋಡಿದೆವು. ನನ್ನ ಲೆಕ್ಕದಲ್ಲಿ ಇರುವ ಕೈಗಾ ಚಿನ್ನದ ಹಾಗೆ ಕಾಪಾಡಿಕೊಳ್ಳಬೇಕಾದದ್ದು, ಆಗಲೇ ಕಟ್ಟಿ ಮುಗಿಸಿದ ಯಂತ್ರ ಅದು. ಹೊಸ ಎರಡು ಹೇಳಿದ ದಿನಕ್ಕೆ ಮುಗಿದರೆ ಲಾಭ, ಕಾಕ್ರಾಪಾರ್ ಥರ ಎಳೆದರೆ ನಷ್ಟ.

ತೋಟದಮನೆ:

ಎಲ್ಲರಿಗೂ ಥ್ಯಾಂಕ್ಸ್. ಬಡ್ಡಿ ವಿಷಯ ಯಾರೂ ಹೀಗೆ ಹೇಳಿರಲಿಲ್ಲ. ಎರಡು ಪ್ರಶ್ನೆ ಉಳಿಯಿತು. ಏನಾದರೂ ಆದರೆ ನಮ್ಮೂರು ಅಪಾಯದ ವಲಯದಲ್ಲಿ ಬರುತ್ತಾ ಅಂತ ತಿಳಿಯೋದು ಹೇಗೆ? ಮತ್ತೆ ಸಬ್‌ಸ್ಟೇಷನ್ ಅಣ್ಣ, ಆ ಪಿಂಗಾಣಿಗೆ ಏನು ಮದ್ದು?

ಕದ್ರಾದಂಡೆ:

ಸ್ಥಾವರದ ಸುತ್ತ 16 ಕಿಲೋಮೀಟರ್ ತನಕ ತುರ್ತು ಯೋಜನೆಯ ವಲಯ. ಅದರ ಹೊಣೆ ಜಿಲ್ಲಾಡಳಿತದ್ದು, ಆಗಾಗ ಅಣಕು ಕಾರ್ಯಾಚರಣೆ ಮಾಡುತ್ತಾರೆ. ನೇರವಾಗಿ ಲೆಕ್ಕ ಹಾಕಿ, ರಸ್ತೆಯ ದೂರ ಅಲ್ಲ. ಘಟ್ಟದಲ್ಲಿ ರಸ್ತೆ ನಲವತ್ತು ಕಿಲೋಮೀಟರ್ ಸುತ್ತಿಸಿದರೂ ಹಕ್ಕಿ ಹಾರುವ ದೂರ ಅದರ ಅರ್ಧಕ್ಕಿಂತ ಕಮ್ಮಿ ಇರಬಹುದು. ವಲಯದ ಒಳಗಿದ್ದರೆ ಯಾವ ರಸ್ತೆಯಲ್ಲಿ ಕರೆದೊಯ್ಯುತ್ತಾರೆ, ಅಯೋಡಿನ್ ಮಾತ್ರೆ ಎಲ್ಲಿಟ್ಟಿದ್ದಾರೆ ಅಂತ ತಹಶೀಲ್ದಾರ್ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ. ಮಳೆಗಾಲದಲ್ಲಿ ಆ ರಸ್ತೆ ಕುಸಿದಿದ್ದರೆ ಏನು ಮಾಡುತ್ತಾರೆ ಅಂತಲೂ ಕೇಳಿ, ಅದಕ್ಕೆ ಏನು ಉತ್ತರ ಬರುತ್ತೆ ಅಂತ ಇಲ್ಲೇ ಹಾಕಿ.

ಸಬ್‌ಸ್ಟೇಷನ್:

ಪಿಂಗಾಣಿ ಬದಲು ಪಾಲಿಮರ್ ಇನ್ಸುಲೇಟರ್ ಹಾಕಿಸಬಹುದು. ಕಾಡಿನೊಳಗಿನ ತುಂಡಿಗೆ ಬರಿ ತಂತಿ ತೆಗೆದು ಹೊದಿಕೆ ಇರುವ ಕೇಬಲ್ ಎಳೆಸಿದರೆ ಇನ್ನೂ ಒಳ್ಳೆಯದು, ಕೊಂಬೆ ತಾಗಿದರೂ ಟ್ರಿಪ್ ಆಗಲ್ಲ. ಖರ್ಚು ಜಾಸ್ತಿ ಅಂತ ಹೇಳುತ್ತಾರೆ. ಸುಮ್ನೆ ಕರೆಂಟ್ ಇಲ್ಲ ಅಂತ ಅರ್ಜಿ ಕೊಟ್ಟರೆ ಫೈಲ್ ಸೇರುತ್ತೆ ಅಷ್ಟೇ. ಫೀಡರ್ ಹೆಸರು, ಟಿಸಿ ನಂಬರ್, ಯಾವ ಕಂಬದಿಂದ ಯಾವ ಕಂಬದ ತನಕ, ಯಾವ ತಾರೀಕಿಗೆ ಹೋಗಿ ಯಾವತ್ತು ಬಂತು, ಎಲ್ಲ ಬರೆದು ಸೆಕ್ಷನ್ ಆಫೀಸರ್‌ಗೆ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಅದರ ಒಂದು ಕಾಪಿ ಕಾರವಾರಕ್ಕೆ, ಡಿಸಿ ಕಚೇರಿಗೂ ಹೋಗಲಿ. ಟಿಸಿ ನಂಬರ್ ಅದರ ಕಂಬದ ಮೇಲೇ ಪೇಂಟ್‌ನಲ್ಲಿ ಬರೆದಿರುತ್ತೆ, ಪಾಚಿ ಕಟ್ಟಿದ್ದರೆ ಸ್ವಲ್ಪ ಉಜ್ಜಿ ನೋಡಿ. ಕರೆಂಟ್ ಇಲ್ಲ ಅಂದುಕೊಂಡು ಕಂಬಕ್ಕೆ ಮಾತ್ರ ಹತ್ತಬೇಡಿ, ದೂರದಿಂದಲೇ ನೋಡಿ.