ಬಿಸಿನೆಸ್ ಜೆಟ್ ಪೈಲಟ್ ಆಗಬೇಕಾ? ಕ್ಯಾಪ್ಟನ್ ಹತ್ತಿರ ಕೇಳಿ

ಕ್ಯಾಪ್ಟನ್: ನಮಸ್ಕಾರ. ರಜೆಗೆ ಉಡುಪಿಗೆ ಬಂದಿದ್ದೇನೆ. ಖಾಸಗಿ ಜೆಟ್ ಹಾರಿಸುವ ಕೆಲಸದ ಬಗ್ಗೆ ಏನಿದ್ದರೂ ಕೇಳಿ.

ಸುರತ್ಕಲ್ ವಿದ್ಯಾರ್ಥಿ: ಸರ್, ಏನೇನು ಬೇಕು?

ಕ್ಯಾಪ್ಟನ್: ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್. ಮೊದಲು ಕ್ಲಾಸ್ 2 ಮೆಡಿಕಲ್ (ಪೈಲಟ್‌ಗಳ ಆರೋಗ್ಯ ಪರೀಕ್ಷೆ), ಆಮೇಲೆ ಇನ್ನೂ ಕಠಿಣವಾದ ಕ್ಲಾಸ್ 1. ಡಿಜಿಸಿಎ (ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ) ಪರೀಕ್ಷೆಗಳಲ್ಲಿ 70% ಬರಬೇಕು. 200 ಗಂಟೆ ಹಾರಾಟವಾದರೆ ಸಿಪಿಎಲ್, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್. ಜೊತೆಗೆ ಮಲ್ಟಿ ಇಂಜಿನ್, ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದರೂ ಉಪಕರಣ ನೋಡಿ ಹಾರಿಸುವ ಅನುಮತಿ), ಕೊನೆಗೆ ಆ ಜೆಟ್‌ನದ್ದೇ ಟೈಪ್ ರೇಟಿಂಗ್ (ಆ ಮಾದರಿ ಹಾರಿಸುವ ಅನುಮತಿ). ಅದಕ್ಕೂ ಮೇಲಿನ ಲೈಸೆನ್ಸ್ ಎಟಿಪಿಎಲ್‌ಗೆ 1500 ಗಂಟೆ ಬೇಕು. ಮೆಡಿಕಲ್ ಆಗುವ ಮೊದಲು ಯಾರಿಗೂ ದುಡ್ಡು ಕೊಡಬೇಡಿ.

ಕುಂದಾಪುರ: ಕನ್ನಡಕ ಇದ್ದರೆ ಆಗ್ತದಾ?

ಕ್ಯಾಪ್ಟನ್: ಆಗುತ್ತದೆ. ಹಾಕಿಕೊಂಡಾಗ ದೃಷ್ಟಿ ಸರಿಯಿರಬೇಕು.

ಕಾರ್ಕಳ ಅಮ್ಮ: ಸರ್, ಮಗನಿಗೆ 18. ಎರಡು ವರ್ಷದ ಹಿಂದೆ ಎರಡು ಸಲ ಫಿಟ್ಸ್ ಬಂದಿತ್ತು. ಈಗಲೂ ಮಾತ್ರೆ ಇದೆ. ಒಂದು ಮೆಸೇಜ್ ಬಂತು, ಮೆಡಿಕಲ್‌ಗೆ ಮೂರು ತಿಂಗಳು ಮೊದಲು ಮಾತ್ರೆ ಬಿಟ್ಟು ತಿಮರೆ (ಒಂದೆಲಗ) ರಸ ಕುಡಿಯಬೇಕು, ಫಾರ್ಮ್‌ನಲ್ಲಿ ಕಾಯಿಲೆ ಇಲ್ಲ ಅಂತ ಬರೆಯಬೇಕು ಅಂತ. ಅಡಿಕೆ ತೋಟ ಅಡವಿಟ್ಟು ಲೋನ್ ಕೇಳಿದ್ದೇವೆ. ಬರುವ ವಾರ ಸಹಿ.

ಕ್ಯಾಪ್ಟನ್: ಅಕ್ಕ, ಸಹಿ ಹಾಕಬೇಡಿ. ಮಾತ್ರೆಯನ್ನೂ ನಿಲ್ಲಿಸಬೇಡಿ. ಫಿಟ್ಸ್ ಮಾತ್ರೆ ಏಕಾಏಕಿ ಬಿಟ್ಟರೆ ಫಿಟ್ಸ್ ಮತ್ತೆ ಬರಬಹುದು, ಮೊದಲಿಗಿಂತ ಜೋರಾಗಿಯೂ ಬರಬಹುದು. ತಿಮರೆ ಚಟ್ನಿಗೆ ಒಳ್ಳೆಯದು, ಫಿಟ್ಸ್‌ಗೆ ಔಷಧಿ ಅಲ್ಲ. ಆ ಮೆಸೇಜ್ ಬರೆದವನು ನಿಮ್ಮ ಮಗನ ಜೀವದ ಜೊತೆ ಆಟ ಆಡುತ್ತಿದ್ದಾನೆ.

ಚಿಕ್ಕ ಜೆಟ್‌ನ ಕಾಕ್‌ಪಿಟ್‌ನಲ್ಲಿ ಇಬ್ಬರೇ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ರಾತ್ರಿ, ಮಳೆ, ನೆಲ 200 ಅಡಿ ಕೆಳಗೆ. ಆಗ ಒಬ್ಬನ ಮೈ ಸೆಟೆದು ಕಾಲು ರಡ್ಡರ್ ಪೆಡಲ್ (ವಿಮಾನದ ಮೂತಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಪೆಡಲ್) ಒತ್ತಿ ಹಿಡಿದರೆ, ಇನ್ನೊಬ್ಬ ಅವನನ್ನು ಬಿಡಿಸಬೇಕಾ, ವಿಮಾನ ನೋಡಬೇಕಾ? ಅದಕ್ಕೇ ಈ ಕಾಯಿಲೆ ಇದ್ದವರಿಗೆ ಸಾಮಾನ್ಯವಾಗಿ ಕ್ಲಾಸ್ 1 ಕೊಡುವುದಿಲ್ಲ. ನಿಮಗೆ ಸುಳ್ಳು ಆಸೆ ಹುಟ್ಟಿಸಲಾರೆ.

ಮೊದಲು ನರರೋಗ ತಜ್ಞರ ಹತ್ತಿರ ಹೋಗಿ. ಹಳೆಯ ಚೀಟಿ, ಇಇಜಿ (ಮೆದುಳಿನ ಪರೀಕ್ಷೆ), ಸ್ಕ್ಯಾನ್ ಎಲ್ಲ ತೆಗೆದುಕೊಂಡು ಹೋಗಿ. ಆಮೇಲೆ ಡಿಜಿಸಿಎ ಪಟ್ಟಿಯಲ್ಲಿರುವ ಡಾಕ್ಟರಿಗೆ ಒಂದನ್ನೂ ಮುಚ್ಚಿಡದೆ ಹೇಳಿ. ಆಗುವುದಿಲ್ಲ ಅಂದರೆ ತೋಟವಾದರೂ ಉಳಿಯುತ್ತದೆ. ಹುಡುಗನ ಹತ್ತಿರ ನಾನೇ ಮಾತಾಡುತ್ತೇನೆ.

ಬಂಟ್ವಾಳ: ವಿದೇಶದಲ್ಲಿ ತರಬೇತಿ ಬೇಗ ಮುಗಿಯುತ್ತೆ. ಇಲ್ಲಿ ಸುಮ್ನೆ ಕಾಯುವುದು.

ಕಾಪು: ಬಂದ ಮೇಲೆ ಲೈಸೆನ್ಸ್ ಬದಲಾಯಿಸಲು ಇಲ್ಲಿಯ ಪರೀಕ್ಷೆ ಬರೆಯಬೇಕಲ್ವಾ? ಅದನ್ನೂ ಹೇಳಿ ಮಾರಾಯ್ರೆ.

ಬಂಟ್ವಾಳ: ಓದಿದವನಿಗೆ ಪರೀಕ್ಷೆ ಭಯ ಇಲ್ಲ.

ಕಾಪು: ನೀವು ಏಜೆಂಟಾ?

ಬಂಟ್ವಾಳ: ಮಾತು ಹಿಡಿತದಲ್ಲಿರಲಿ.

ಪುತ್ತೂರು: ಹುಡುಗಿಯರಿಗೆ ಜೆಟ್ ಕಂಪನಿಯಲ್ಲಿ ಕೆಲಸ ಸಿಗುತ್ತಾ ಸರ್?

ಕುಂದಾಪುರ ಇನ್ನೊಬ್ಬರು: ಕನ್ನಡಕ ಇದ್ದರೆ?

ಕ್ಯಾಪ್ಟನ್: ಮೇಲೆ ಹೇಳಿದ್ದೇನೆ.

ಮಣಿಪಾಲ: ಬಣ್ಣ ಕುರುಡಿಗೆ ಕ್ಯಾರೆಟ್ ಜ್ಯೂಸ್ ಅಂತೆ, ಇಲ್ಲಿ ಫಾರ್ವರ್ಡ್ ಮಾಡಿದ್ದೇನೆ.

ಕ್ಯಾಪ್ಟನ್: ಅಳಿಸಿ. ಅದು ಹೆಚ್ಚಾಗಿ ಹುಟ್ಟಿನಿಂದ ಬರುವುದು, ಜ್ಯೂಸ್‌ಗೆ ಹೋಗುವುದಿಲ್ಲ. ಇಂಥದ್ದನ್ನು ಇನ್ನು ಹಾಕಬೇಡಿ.

ಸುರತ್ಕಲ್ ವಿದ್ಯಾರ್ಥಿ: ಜೆಟ್ ಕೆಲಸದಲ್ಲಿ ಮುಖ್ಯ ಏನು ಸರ್?

ಕ್ಯಾಪ್ಟನ್: ಆಗುವುದಿಲ್ಲ ಅನ್ನುವ ಧೈರ್ಯ. ಹಿಂದೆ ಕೂತವರೇ ವಿಮಾನದ ಮಾಲೀಕರು, ಅವರಿಗೆ ಮೀಟಿಂಗ್‌ಗೆ ತಡ. ಹವಾಮಾನ ಕೆಟ್ಟರೆ ಅವರ ಮುಖ ನೋಡಿಯೇ ಹೇಳಬೇಕು. 2010ರ ಮೇ 22ರಂದು ನಮ್ಮ ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣದಲ್ಲಿ ಸಹ ಪೈಲಟ್ ಗೋ ಅರೌಂಡ್, ಅಂದರೆ ಇಳಿಸದೆ ಮತ್ತೆ ಮೇಲೇರಿಸಿ, ಅಂದಿದ್ದರು. ಕ್ಯಾಪ್ಟನ್ ಇಳಿಸಲು ಹೋದರು. ವಿಮಾನ ಅಪಘಾತವಾಗಿ 158 ಜನ ಸತ್ತರು. ಬಲಗಡೆ ಸೀಟಿನವನ ಮಾತು ಕೇಳುವುದೂ ಕಲಿಯಬೇಕಾದ ವಿದ್ಯೆಯೇ. ಉಳಿದಂತೆ ಬ್ಯಾಗ್ ಎತ್ತುವುದು, ಇಂಧನ ಲೆಕ್ಕ, ಊಟದ ಆರ್ಡರ್, ಗಂಟೆಗಟ್ಟಲೆ ಕಾಯುವುದು ಎಲ್ಲ ನಿಮ್ಮದೇ.

ಬಂಟ್ವಾಳ: ನನ್ನನ್ನು ಏಜೆಂಟ್ ಅಂದವರು ಕ್ಷಮೆ ಕೇಳಬೇಕು.

ಕಾಪು: ಎಷ್ಟು ಕಮಿಷನ್ ಅಂತ ಮೊದಲು ಹೇಳಿ.

ಕ್ಯಾಪ್ಟನ್: ಇಬ್ಬರೂ ಜಗಳ ಬೇರೆ ಕಡೆ ಮಾಡಿ. ಒಬ್ಬ ತಾಯಿ ಇಲ್ಲಿ ಉತ್ತರ ಹುಡುಕಬೇಕು.

ಮೂಡುಬಿದಿರೆ: ದುಡ್ಡು ಕಟ್ಟಿ ಟೈಪ್ ರೇಟಿಂಗ್ ಮಾಡಿದರೆ ಕೆಲಸ ಗ್ಯಾರಂಟಿ ಅಂತೆ?

ಕ್ಯಾಪ್ಟನ್: ಇಲ್ಲ. ಆ ರೇಟಿಂಗ್ ಆ ಮಾದರಿಗೆ ಮಾತ್ರ. ಕಂಪನಿ ಆ ಜೆಟ್ ಮಾರಿದರೆ ನಿಮ್ಮ ಲಕ್ಷಗಳೂ ಹೋದವು.

ಕಾರ್ಕಳ ಅಮ್ಮ: ಸರ್, ಬ್ಯಾಂಕಿಗೆ ಫೋನ್ ಮಾಡಿ ಬೇಡ ಅಂದೆ. ಮಗ ಕೋಣೆ ಬಾಗಿಲು ಹಾಕಿಕೊಂಡಿದ್ದಾನೆ.

ಕ್ಯಾಪ್ಟನ್: ಅಕ್ಕ, ಅವನನ್ನು ಒಬ್ಬನೇ ಬಿಡಬೇಡಿ. ಈಗಲೇ ಫೋನ್ ಮಾಡುತ್ತೇನೆ, ನಂಬರ್ ಇನ್‌ಬಾಕ್ಸ್‌ಗೆ ಹಾಕಿ.

ಕುಂದಾಪುರ: ಲೇಸರ್ ಮಾಡಿಸಿದರೆ ಕನ್ನಡಕ ಬೇಡ ಅಲ್ವಾ ಸರ್? ಸರ್?